ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಲಿ

ಟೆಕ್ಸಾಸಿನಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅರ್ಜಿ ಇಲ್ಲ, ತಪಾಸಣೆ ಇಲ್ಲ, ಪರೀಕ್ಷೆಯೂ ಇಲ್ಲ. ಹೋಂಸ್ಕೂಲ್ ಕೂಡ ಒಂದು ಖಾಸಗಿ ಶಾಲೆಯೇ ಎಂದು ಈ ರಾಜ್ಯದ ಸುಪ್ರೀಂ ಕೋರ್ಟು 1994ರಲ್ಲಿ, ಲೀಪರ್ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕರಾಗುವ ಪಾಠ, ಇಷ್ಟನ್ನು ಕಲಿಸಿದರೆ ಸಾಕು. ವಿಜ್ಞಾನದ ಹೆಸರೇ ಆ ಪಟ್ಟಿಯಲ್ಲಿಲ್ಲ! ಡಲ್ಲಾಸ್ ಸುತ್ತಮುತ್ತ ಹೋಂಸ್ಕೂಲ್ ಮಾಡುವ ನನ್ನ ಕನ್ನಡದ ಗೆಳತಿಯರು ಇದನ್ನು ದೊಡ್ಡ ಭಾಗ್ಯ ಅನ್ನುತ್ತಾರೆ. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗಿನಿಂದ ಇಲ್ಲಿಗೆ ಬಂದ ನನಗೆ ಹಾಗೆ ಅನಿಸುವುದಿಲ್ಲ.

ಪೆನ್ಸಿಲ್ವೇನಿಯಾದ ರೀತಿಯೇ ಬೇರೆ. ಅಲ್ಲಿ ಪ್ರತಿ ವರ್ಷ ಆಗಸ್ಟ್ 1ರೊಳಗೆ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ, ಅಫಿಡವಿಟ್ ಕೊಡಬೇಕು. ವರ್ಷಕ್ಕೆ 180 ದಿನ, ಇಲ್ಲವೇ ಚಿಕ್ಕ ತರಗತಿಗಳಿಗೆ 900 ಗಂಟೆ ಪಾಠ ನಡೆದಿರಬೇಕು. ಏನೇನು ಕಲಿಸಬೇಕು ಅನ್ನುವ ಪಟ್ಟಿ ಉದ್ದವಾಗಿದೆ. ಸಂಗೀತ, ಚಿತ್ರಕಲೆ, ಪೆನ್ಸಿಲ್ವೇನಿಯಾದ ಇತಿಹಾಸ ಎಲ್ಲ ಬೇಕು. ಬೆಂಕಿಯ ಅಪಾಯದ ಬಗ್ಗೆಯಂತೂ ಬಿಡದೆ ಕಲಿಸುತ್ತಿರಬೇಕಂತೆ. (ದೋಸೆ ಕಾವಲಿಯ ಪಕ್ಕದಲ್ಲೇ ಬೆಳೆಯುವ ಮಕ್ಕಳಿಗೆ ಈ ಪಾಠ ದಿನವೂ ಆಗುತ್ತದೆ, ಬರೆದಿಡಬೇಕು ಅಷ್ಟೆ.) 3, 5, 8ನೇ ತರಗತಿಗಳಲ್ಲಿ ಪರೀಕ್ಷೆಯೂ ಇದೆ. ಕೊನೆಗೆ ಮಗು ಬರೆದದ್ದು, ಓದಿದ್ದು ಎಲ್ಲ ಸೇರಿಸಿದ ಫೈಲನ್ನು ಒಬ್ಬ ಮೌಲ್ಯಮಾಪಕರು ನೋಡಿ, ಮಗುವಿನ ಜೊತೆ ಕೂತು ಮಾತಾಡಿ, ಕಲಿಕೆ ನಡೆದಿದೆ ಎಂದು ಬರೆದುಕೊಡಬೇಕು. ಆ ಕಾಗದ ಜೂನ್ 30ರೊಳಗೆ ಡಿಸ್ಟ್ರಿಕ್ಟಿಗೆ ಸೇರಬೇಕು. ಮೌಲ್ಯಮಾಪಕರನ್ನು ಆರಿಸಿಕೊಳ್ಳುವವರೂ ನಾವೇ, ಫೀಸು ಕೊಡುವವರೂ ನಾವೇ.

ನಮ್ಮ ಮನೆಗೆ ಬರುತ್ತಿದ್ದವರು ನಿವೃತ್ತ ಟೀಚರು. ಮಗಳು ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಲೆಕ್ಕ ಮಾಡುವುದನ್ನು ನೋಡಿ, ಪುಸ್ತಕ ಪಕ್ಕಕ್ಕಿಟ್ಟು ಅವಳಿಂದಲೇ ಅದನ್ನು ಕಲಿತರು. ನಮ್ಮಜ್ಜಿ ಅಗಸಗಿತ್ತಿಗೆ ಕೊಟ್ಟ ಬಟ್ಟೆ ಎಣಿಸುತ್ತಿದ್ದದ್ದೂ ಹಾಗೆಯೇ, ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಅವರು ಇನ್ನೊಂದು ಮಾತನ್ನೂ ಹೇಳಿದರು: ಇವಳ ಓದು ವಯಸ್ಸಿಗಿಂತ ಮುಂದಿದೆ, ಬರೆಯುವ ಕೈಗೆ ಮಾತ್ರ ಇನ್ನೂ ಬಲ ಬಂದಿಲ್ಲ, ಸ್ವಲ್ಪ ದಿನ ಪೆನ್ಸಿಲ್ ಬಿಟ್ಟು ಕೈಗೆ ಬೇರೆ ಕೆಲಸ ಕೊಡಿ. ಚಪಾತಿ ಹಿಟ್ಟು ನಾದುವ ಕೆಲಸ ಅವಳ ಪಾಲಿಗೆ ಬಂತು. ದಿನವೂ ನೋಡುವ ಕಣ್ಣಿಗೆ ಇಂಥದ್ದು ಕಾಣುವುದೇ ಇಲ್ಲ.

ಊರಿನ, ಅಂದರೆ ಭಾರತದ, ಕಾನೂನಿನ ಕಥೆ ಮೂರನೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಮಾತಾಡುತ್ತದೆ, ಮನೆಯಲ್ಲಿ ಕಲಿಯುವವರ ಬಗ್ಗೆ ಏನೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಹೋಂಸ್ಕೂಲ್ ಮಾಡುವವರು ಆ ಮೌನದಲ್ಲೇ ದಾರಿ ಮಾಡಿಕೊಂಡು, ಮುಂದೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಪರೀಕ್ಷೆ ಕಟ್ಟಿಸುತ್ತಾರೆ.

ಆದರೆ ಕಲಿಸುವ ಕ್ರಮ ಅಂತ ನನಗೆ ನಿಜವಾಗಿ ಒದಗಿದ್ದು ಊರಿನಿಂದಲೇ. ವಯಸ್ಸು ಬೇರೆ ಬೇರೆಯಾದ ಇಬ್ಬರು ಮಕ್ಕಳನ್ನು ಒಂದೇ ಮೇಜಿನ ಮುಂದೆ ಹೇಗೆ ಕೂರಿಸಲಿ ಅಂತ ಹುಣಸೂರು ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದ ಚಿಕ್ಕಮ್ಮನನ್ನು ಕೇಳಿದೆ. "ಒಂದು, ಎರಡು, ಮೂರನೇ ಕ್ಲಾಸು ಒಂದೇ ರೂಮಲ್ಲಿ ಇಟ್ಕೊಂಡು ಪಾಠ ಮಾಡಿದೀನಿ ಕಣೇ, ನಿಂಗೆ ಇಬ್ರು ಹೆಚ್ಚಾದ್ರಾ?" ಅಂದಳು. ಅವಳು ಹೇಳಿದ್ದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಮಕ್ಕಳು ತರಗತಿಯ ಲೆಕ್ಕದಲ್ಲಿ ಕೂರುವುದಿಲ್ಲ, "ತಟ್ಟೆ" ಅಂತ ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಟೀಚರ ಸಹಾಯ ಪೂರ್ತಿ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಗೆಳೆಯರದ್ದು, ಕೊನೆಯದರಲ್ಲಿ ಸ್ವಂತ ಕಲಿಕೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುತ್ತದೆ.

ಅಕ್ಷರಗಳ ಕ್ರಮ ನೋಡಿ ನನಗೆ ಇನ್ನೂ ಖುಷಿಯಾಯಿತು. ನಲಿ-ಕಲಿ ಅ ಆ ಇ ಈಯಿಂದ ಹೊರಡುವುದಿಲ್ಲ, ಮೊದಲು ಬರುವುದು ರ ಗ ಸ ದ ಅ. ಈ ಐದರಲ್ಲೇ ಸರ, ಅರಸ, ದಸರ, ಗರಗಸ ಎಲ್ಲ ಓದಬಹುದು. ಗುಣಿತಾಕ್ಷರದ ಗೊಡವೆಯೇ ಇಲ್ಲ. ಕನ್ನಡ ಕಿವಿಗೆ ಮಾತ್ರ ಬಿದ್ದ ಮಗನಿಗೆ ಇಡೀ ವರ್ಣಮಾಲೆ ಬಾಯಿಪಾಠ ಆಗುವವರೆಗೆ ಕಾಯದೆ ಓದಲು ಸಿಕ್ಕಿತು, ಕಂಡವರ ಮುಂದೆಲ್ಲ "ಗರಗಸ" ಅಂತ ಬರೆದು ತೋರಿಸಿದ. ನೂರಾರು ಡಾಲರ್ ಕೊಟ್ಟು ಮಾಂಟೆಸರಿ ಪೆಟ್ಟಿಗೆ ತರಿಸುವ ನಮ್ಮ ಜನಕ್ಕೆ ಸರ್ಕಾರಿ ಶಾಲೆಯ ಕಾರ್ಡುಗಳ ಬಗ್ಗೆ ಹೇಳಿದರೆ ಮುಖದಲ್ಲಿ ಒಂಥರಾ ನಗು ಬರುತ್ತದೆ. ದಾಖಲೆ ಬರೆಯುವುದರಲ್ಲೇ ಸುಸ್ತಾಗುತ್ತಿತ್ತು ಅಂತ ಚಿಕ್ಕಮ್ಮನೂ ಗೊಣಗುತ್ತಾಳೆ, ಅದೂ ನಿಜವೇ. ಆದರೆ ಆ ದಾಖಲೆ ನೋಡಿದರೆ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಶಾಲೆ ನೋಡಲು ಬರುವ ಸಿಆರ್‌ಪಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗೊತ್ತಾಗುತ್ತಿತ್ತು, ಅಪ್ಪ ಅಮ್ಮನಿಗೂ ಗೊತ್ತಾಗುತ್ತಿತ್ತು.

ಯಾರೂ ನೋಡದ ಕಡೆ ಕಲಿಸುವವಳ ದುಡಿಮೆಯೂ ಕಾಣುವುದಿಲ್ಲ. ನಾನು ಕಂಡ ಭಾರತೀಯ ಮನೆಗಳಲ್ಲಿ ಆ ಕೆಲಸ ಹೆಚ್ಚಾಗಿ ಅಮ್ಮನದೇ. ಅವಳು ಎಷ್ಟೋ ಸಲ ಎಚ್-4 ವೀಸಾದವಳು, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಜೊತೆಗೆ ಬಂದವಳು. ಗಂಡನ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ಅನ್ನುವ ಅರ್ಜಿ ಒಪ್ಪಿಗೆಯಾಗಿದ್ದರೆ ಕೆಲಸದ ಪರವಾನಗಿ ಕೇಳಬಹುದು ಅನ್ನುವ ನಿಯಮ ಬಂದದ್ದೇ 2015ರಲ್ಲಿ. ಅದಕ್ಕಾಗಿ ಕಾಯುತ್ತಿರುವ ಎಂಜಿನಿಯರ್ ಅಮ್ಮ ಮನೆಯಲ್ಲಿ ಭಿನ್ನರಾಶಿ ಕಲಿಸುತ್ತಿರುತ್ತಾಳೆ, ಪಾಟ್‌ಲಕ್ ಊಟದಲ್ಲಿ ಗಂಡ "ನಾವು ಹೋಂಸ್ಕೂಲ್ ಮಾಡ್ತೀವಿ" ಅನ್ನುತ್ತಿರುತ್ತಾನೆ. ನಾನು ದುಡಿದಿದ್ದೇನೆ ಅಂತ ಆ ವರ್ಷಗಳಲ್ಲಿ ಹೇಳಿದ ಒಂದೇ ಕಾಗದ ಪಿಟ್ಸ್‌ಬರ್ಗಿನ ಆ ಟೀಚರು ಬರೆದುಕೊಟ್ಟದ್ದು.

ಸರ್ಕಾರಕ್ಕೆ ಬಾಗಿಲು ತೆರೆದರೆ ನಾಳೆ ಜರ್ಮನಿಯ ಗತಿ ಬರುತ್ತದೆ ಅಂತ ಇಲ್ಲಿನ ಗೆಳತಿಯರ ವಾದ. ಜರ್ಮನಿಯಲ್ಲಿ ಮಕ್ಕಳನ್ನು ಶಾಲೆಗೇ ಕಳಿಸಬೇಕು. ಅದನ್ನು ಪ್ರಶ್ನಿಸಿದ ಕೋನ್ರಾಡ್ ದಂಪತಿಯ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2006ರಲ್ಲಿ ತಳ್ಳಿಹಾಕಿತು. ಆದರೆ ಪೆನ್ಸಿಲ್ವೇನಿಯಾದ ಈ ಕಾನೂನು 1988ರದು. ಇಷ್ಟು ವರ್ಷ ಕೇಳುತ್ತ ಬಂದರೂ ಅದು ಜರ್ಮನಿ ಆಗಿಲ್ಲ. ಮೊದಲು ಫೈಲನ್ನು ಡಿಸ್ಟ್ರಿಕ್ಟೂ ನೋಡುತ್ತಿತ್ತು, 2014ರಲ್ಲಿ ಅದನ್ನು ಕೈಬಿಟ್ಟು ಮೌಲ್ಯಮಾಪಕರ ಕಾಗದವೊಂದೇ ಸಾಕು ಅಂದರು. ಅಂದರೆ ಹಿಡಿತ ಸಡಿಲಾಗಿದೆ, ಬಿಗಿಯಾಗಿಲ್ಲ.

ಕಾನೂನು ಕೇಳದಿದ್ದರೂ ಟೆಕ್ಸಾಸಿನಲ್ಲಿ ಫೈಲು ಇಡುವುದನ್ನು ನಾನು ಬಿಟ್ಟಿಲ್ಲ. ಮೇ ತಿಂಗಳಲ್ಲಿ ಇಲ್ಲಿನ ಒಬ್ಬ ಟೀಚರು ಬಂದು ಇಬ್ಬರನ್ನೂ ಮಾತಾಡಿಸಿ ಹೋಗುತ್ತಾರೆ, ಕನ್ನಡದ್ದನ್ನು ಚಿಕ್ಕಮ್ಮ ವಿಡಿಯೋ ಕರೆಯಲ್ಲಿ ನೋಡುತ್ತಾಳೆ. ಟೀಚರಿಗೆ ಕೊಡುವ ಫೀಸು ಗಣಿತದ ಪುಸ್ತಕಗಳ ಖರ್ಚಿಗಿಂತ ಕಡಿಮೆ. ಚಿಕ್ಕಮ್ಮ ಫೀಸು ಕೇಳುವುದಿಲ್ಲ, ಆದರೆ ಮಕ್ಕಳ ಕೈಬರಹ ನೋಡಿ ನನ್ನನ್ನೇ ಬೈಯುತ್ತಾಳೆ.