ಹಗ್ಗ ಕಟ್ಟಿದ್ದು ನಿಮ್ಮ ಟ್ಯಾಲೆಂಟ್ ನೋಡಿ ಅಲ್ಲ

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟಿದೆ. ಸ್ಕೀ ಮಾಡುತ್ತಾ ಬಂದ ಒಬ್ಬ ಮಹಾಶಯ 'ಕ್ಲೋಸ್ಡ್' ಅಂತ ಬೋರ್ಡ್ ನೇತುಹಾಕಿದ ಹಗ್ಗದಡಿ ನುಸುಳಿ, ಯಾರೂ ತುಳಿಯದ ಹಿಮದಲ್ಲಿ ಇಳಿದು ಹೋಗುತ್ತಾನೆ. ಕೆಳಗೆ 'ಗುಂಡಿಗೆ ಅಂದ್ರೆ ಇದು' ಅಂತ ಹೊಗಳಿಕೆಯ ಸುರಿಮಳೆ. ಒಬ್ಬರಂತೂ 'ಸ್ಕಿಲ್ ಇದ್ದವರಿಗೆ ಹಗ್ಗ ಯಾಕೆ' ಅಂತ ಬರೆದಿದ್ದಾರೆ. ಸ್ಕೀಯಿಂಗ್ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಸಹಿಸಿಕೊಳ್ಳಿ.

ಸ್ವಾಮಿ, ಇಳಿಜಾರು ಕಷ್ಟ ಅಂತ ಯಾರೂ ಹಗ್ಗ ಕಟ್ಟುವುದಿಲ್ಲ. ಕಷ್ಟದ ದಾರಿಗೆ ಬೇರೆ ಗುರುತಿದೆ. ಅಮೆರಿಕದಲ್ಲಿ ಕಪ್ಪು ವಜ್ರ, ಇನ್ನೂ ಕಷ್ಟವಾದರೆ ಎರಡು ವಜ್ರ. ಅಲ್ಲಿ ಹೋಗಿ ಸ್ಕಿಲ್ ತೋರಿಸಿ, ಬೇಡ ಅಂದವರು ಯಾರು?

ಮುಚ್ಚಿದ ದಾರಿಯ ಅಪಾಯವೇ ಬೇರೆ. ಹಿಮಕುಸಿತದ ಭಯ ಇದ್ದರೆ ಸ್ಕೀ ತಾಣದ ಸುರಕ್ಷತೆ ನೋಡಿಕೊಳ್ಳುವ ಪ್ಯಾಟ್ರೋಲ್‌ನವರು ಸ್ಫೋಟಕ ಹಾಕಿ ಹಿಮವನ್ನು ಬೇಕಂತಲೇ ಕೆಡವುತ್ತಿರುತ್ತಾರೆ. ಹಿಮ ತೆಳುವಾಗಿದ್ದರೆ ಅಡಿಯಲ್ಲೇ ಬಂಡೆ, ಮರದ ಬೊಡ್ಡೆ. ನನಗೆ ಎಲ್ಲಕ್ಕಿಂತ ಹೆದರಿಕೆ ವಿಂಚ್ ಕೇಬಲ್‌ದು. ಕಡಿದಾದ ಕಡೆ ಹಿಮ ಸಮ ಮಾಡುವ ಗ್ರೂಮರ್ ಯಂತ್ರ ಜಾರಬಾರದು ಅಂತ ಅದನ್ನು ಮೇಲಿನ ಆಧಾರಕ್ಕೆ ಉಕ್ಕಿನ ಕೇಬಲ್‌ನಿಂದ ಕಟ್ಟಿರುತ್ತಾರೆ. ನೂರಾರು ಮೀಟರ್ ಉದ್ದದ ಕೇಬಲ್. ಹಿಮದಡಿ ಹೂತಿದ್ದದ್ದು ಬಿಗಿಯಾದ ಕೂಡಲೇ ಚಿಮ್ಮಿ ಮೇಲೇಳುತ್ತದೆ, ಪಕ್ಕಕ್ಕೆ ಬೀಸುತ್ತದೆ. ಯಂತ್ರ ಎಲ್ಲೋ ದಿಬ್ಬದಾಚೆ ಇರುತ್ತದೆ, ನಿಮಗೆ ಕಾಣುವುದೂ ಇಲ್ಲ. ಮಬ್ಬುಗತ್ತಲಲ್ಲಿ ಆ ಕೇಬಲ್ ಕುತ್ತಿಗೆ ಮಟ್ಟಕ್ಕೆ ಬಂದಾಗ ಸ್ಕಿಲ್ ಏನು ಮಾಡುತ್ತೆ, ಹೇಳಿ ನೋಡೋಣ.

ಜಂಪ್ ಹಾರಲೆಂದೇ ಹಿಮದ ದಿಬ್ಬ ಕಟ್ಟಿರುವ ಟೆರೇನ್ ಪಾರ್ಕ್‌ನಲ್ಲೂ ಇದೇ ಪೊಗರು. 'ನಿನ್ನೆ ಇದೇ ಜಂಪ್ ಹಾರಿದ್ದೆ' ಅಂತಾರೆ. ಅದು ನಿನ್ನೆಯ ಜಂಪ್ ಮಾರಾಯ್ರೆ! ಹಿಮ ಗಟ್ಟಿಯಾಗಿದ್ದರೆ ವೇಗ ಜಾಸ್ತಿಯಾಗಿ, ಲ್ಯಾಂಡಿಂಗ್ ಇಳಿಜಾರನ್ನೇ ದಾಟಿ ಸಮತಟ್ಟಿನ ಮೇಲೆ ಬೀಳುತ್ತೀರಿ. ಮೆತ್ತಗಾಗಿದ್ದರೆ ವೇಗ ಸಾಲದೆ ಅದರ ಮುಂಚಿನ ಉಬ್ಬಿಗೇ ಬಡಿಯುತ್ತೀರಿ. ಪಾರ್ಕ್ ಮುಚ್ಚಿದ್ದಾಗ ಜಂಪಿನ ಅಂಚನ್ನು ಅರ್ಧ ಕೆತ್ತಿ ಬಿಟ್ಟಿರಬಹುದು. ಲ್ಯಾಂಡಿಂಗ್‌ನಲ್ಲಿ ಯಾರೋ ಸಲಿಕೆ ಹಿಡಿದು ಕೆಲಸ ಮಾಡುತ್ತಿರಬಹುದು. ದೊಡ್ಡ ಜಂಪಿನ ಮೇಲಿಂದ ಲ್ಯಾಂಡಿಂಗ್ ಕಾಣುವುದಿಲ್ಲ, ಗಾಳಿಯಲ್ಲಿ ಬ್ರೇಕೂ ಇಲ್ಲ.

'ನನ್ನ ಜೀವ, ನನ್ನಿಷ್ಟ, ನಿಮಗೇನು?' ಅನ್ನುವವರು ಈಗ ಬರುತ್ತಾರೆ. ಆಯ್ತಪ್ಪಾ, ನಿಮ್ಮಿಷ್ಟ. ಆದರೆ ನೀವು ಕೆಡವಿದ ಹಿಮ ಕೆಳಗಿರುವವರನ್ನು ಬಿಟ್ಟು ಹೋಗುತ್ತಾ? ನೀವು ಹೂತುಹೋದರೆ ಮೊದಲ ಹತ್ತು-ಹದಿನೈದು ನಿಮಿಷ ಕಳೆದ ಮೇಲೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಹಾಗಾಗಿ ಪ್ಯಾಟ್ರೋಲ್‌ನವರು ಅದೇ ಅರೆಬರೆ ಕುಸಿದ ಇಳಿಜಾರಿಗೆ ಓಡಿಬರಬೇಕು. ಅವರ ಜೀವ ಯಾರ ಇಷ್ಟ? ಅಮೆರಿಕದ ಕೊಲೊರಾಡೊದಲ್ಲಿ 1979ರ ಸ್ಕೀ ಸುರಕ್ಷತಾ ಕಾಯ್ದೆಯ ಪ್ರಕಾರ ಮುಚ್ಚಿದ ದಾರಿಗೆ ನುಗ್ಗುವುದು ಅಪರಾಧ, ದಂಡ ಬೀಳುತ್ತದೆ. ಸ್ಕೀ ತಾಣದವರು ಪಾಸ್ ಕಿತ್ತುಕೊಳ್ಳುವುದೂ ಉಂಟು. ನನ್ನ ಕೇಳಿದರೆ ಫೋನೂ ಕಿತ್ತುಕೊಳ್ಳಬೇಕು.

ನಿಜ ಹೇಳಲಾ? ಆ ಹೊಸ ಹಿಮ ನೋಡಿದರೆ ನನಗೂ ಜೊಲ್ಲು ಸುರಿಯುತ್ತೆ. ಹಗ್ಗದ ಈಚೆ ನಿಂತು ಹೊಟ್ಟೆ ಉರಿದುಕೊಂಡಿದ್ದೇನೆ. ಆದರೆ ಸ್ಫೋಟಕದ ಕೆಲಸ ಮುಗಿದರೆ ಎಷ್ಟೋ ಸಲ ಮಧ್ಯಾಹ್ನದೊಳಗೆ ಪ್ಯಾಟ್ರೋಲ್‌ನವರೇ ಹಗ್ಗ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕ್ಯೂನಲ್ಲಿ ನಿಂತಿರಿ. ಮುಂದೆ ನಾನೇ ಇರುತ್ತೇನೆ, ತಳ್ಳಬೇಡಿ.