ಕೇಬಲ್ಲಿಗೂ ಒಂದು ಹೊಟ್ಟೆಯಿದೆ

ಇವತ್ತಿನ ಸಿಟ್ಟು ಒಂದು ತೂತಿನ ಮೇಲೆ.

ಯುಎಸ್‌ಬಿ-ಸಿ ಪೋರ್ಟಿನ ಅಳತೆ ಎಷ್ಟು ಎಂದು ಕೇಳಿ ನೋಡಿ. ಕೈಯಾರೆ ಜೋಡಿಸುವ ಕೀಬೋರ್ಡಿಗೆ ಕೇಸಿನ, ಅಂದರೆ ಹೊರಪೆಟ್ಟಿಗೆಯ, ನಕ್ಷೆ ಬರೆಯುವ ಯಾರಾದರೂ ಒಂದೇ ಉಸಿರಿಗೆ ‘ಅಗಲ 9, ಎತ್ತರ ಮೂರೂ ಚಿಲ್ಲರೆ ಮಿಲಿಮೀಟರ್’ ಎನ್ನುತ್ತಾರೆ. ತಪ್ಪಿಲ್ಲ. ಆದರೆ ಅದು ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತ ಪೋರ್ಟಿನ ಅಳತೆ. ಅದನ್ನೇ ನಂಬಿ ಕೇಸಿನ ಹಿಂಗೋಡೆಗೂ ಅಷ್ಟೇ ತೂತು ಬರೆದು, ಮೂಲೆಗಳನ್ನು ದುಂಡಗೆ ತೀಡಿ, ಪರದೆಯ ಮೇಲೆ ಹತ್ತು ಸಲ ತಿರುಗಿಸಿ ನೋಡಿ ಖುಷಿಪಟ್ಟು, ಮಾಡಿಸಿ ತಂದು, ಬೋರ್ಡು ಕೂರಿಸಿ, ಸ್ಕ್ರೂಗಳನ್ನೆಲ್ಲ ಬಿಗಿದು, ಕೊನೆಗೆ ಕೇಬಲ್ ಚುಚ್ಚುತ್ತೇವೆ. ಹೋಗುವುದಿಲ್ಲ.

ಆಮೇಲಿನದು ಎಲ್ಲ ಮನೆಗಳಲ್ಲೂ ಒಂದೇ. ಮೊದಲು ಕೇಬಲ್ಲನ್ನು ತಿರುವಿ ಹಾಕುತ್ತೇವೆ. ಯಾವ ಕಡೆಯಿಂದ ಹಾಕಿದರೂ ನಡೆಯಲಿ ಎಂದೇ ಈ ಪ್ಲಗ್ಗನ್ನು ರೂಪಿಸಿದ್ದಾರೆಂದು ಗೊತ್ತಿದ್ದೂ ತಿರುವುತ್ತೇವೆ. ಬಾಯಿಂದ ಊದುತ್ತೇವೆ. ಫೋನಿನ ಟಾರ್ಚ್ ಬಿಟ್ಟು ಒಳಗೆ ಇಣುಕುತ್ತೇವೆ. ಪೋರ್ಟು ಅಲ್ಲೇ ಇದೆ, ನೇರವಾಗಿಯೂ ಇದೆ. ಇನ್ನಷ್ಟು ಒತ್ತುತ್ತೇವೆ. ಒಮ್ಮೆ ಕೀಬೋರ್ಡಿನ ದೀಪ ಮಿನುಗಿ ಆಸೆ ಹುಟ್ಟಿಸಿ ಆರುತ್ತದೆ.

ಕಾರಣ ಸರಳ. ಪ್ಲಗ್ಗಿನ ಲೋಹದ ಮೂತಿಯ ಉದ್ದ ಸುಮಾರು ಆರೂವರೆ ಮಿಲಿಮೀಟರ್. ಅದರ ಹಿಂದಿರುವ ಪ್ಲಾಸ್ಟಿಕ್ ಹೊಟ್ಟೆ 12.35 ಅಗಲ, 6.5 ಎತ್ತರದವರೆಗೂ ಇರಬಹುದೆಂದು ಯುಎಸ್‌ಬಿ-ಸಿ ನಿಯಮವೇ ಅಪ್ಪಣೆ ಕೊಟ್ಟಿದೆ. ಗೋಡೆ 4 ಮಿಲಿಮೀಟರ್ ದಪ್ಪವಿದ್ದರೆ ಹೊಟ್ಟೆ ಹೊರಗೇ ಸಿಕ್ಕಿಕೊಂಡು, ಒಳಗೆ ತಲುಪುವ ಮೂತಿ ಎರಡೂವರೆ ಮಾತ್ರ. ಗೋಡೆಯ ಹೊರಮೈಯಲ್ಲಿ ಕನಿಷ್ಠ 13ಕ್ಕೆ 7ರ ಹಳ್ಳ ತೋಡಿ, ಪೋರ್ಟಿನ ಬಾಯಿಯನ್ನು ಅದರ ತಳದ ಸಮಕ್ಕೆ ತಂದು ನಿಲ್ಲಿಸಬೇಕು. ಅಂದಕ್ಕೆಂದು ಲೋಹದ ಅಂಗಿ ತೊಟ್ಟ ಕೇಬಲ್ಲುಗಳಿಗೆ ಇದೂ ಸಾಲದು. ಅಲ್ಲಿ ಮೂಗಿಗಿಂತ ಮೂಗುತಿ ಭಾರ.

ಕೇಸನ್ನು ಮತ್ತೆ ಮಾಡಿಸುವವರು ಯಾರು? ಚಾಕು ಹಿಡಿದು ಕೇಬಲ್ಲಿನ ಹೊಟ್ಟೆಯನ್ನೇ ಹೆರೆಯುತ್ತೇವೆ.

ಕೀಲಿಗಳ ಸ್ವಿಚ್ಚುಗಳನ್ನು ಹಿಡಿದಿಡುವ ಪ್ಲೇಟಿನ ಕಥೆಯೂ ಕೂದಲೆಳೆಯದ್ದೇ. ಎಂಎಕ್ಸ್ ಮಾದರಿಯ ಸ್ವಿಚ್ಚಿಗೆ 14ಕ್ಕೆ 14ರ ಚೌಕ ತೂತು. ಕೊಕ್ಕೆ ಕಚ್ಚಿಕೊಳ್ಳಲು ಪ್ಲೇಟು 1.5 ಮಿಲಿಮೀಟರ್ ದಪ್ಪವಿರಬೇಕು. ಚೆಂದವೆಂದು 3 ಮಿಲಿಮೀಟರಿನ ಅಕ್ರಿಲಿಕ್ ಹಾಕಿದಿರೋ, ಕಚ್ಚಲು ಅಂಚೇ ಸಿಗದೆ ಸ್ವಿಚ್ಚು ಸುಮ್ಮನೆ ಕೂತಿರುತ್ತದೆ, ಮೇಲಿನ ಟೋಪಿ (ಕೀಕ್ಯಾಪ್) ಎಳೆದರೆ ಬೇರುಸಮೇತ ಕೈಗೆ ಬರುತ್ತದೆ. ಒಂದು ಕೀಲಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 19.05. ಆ ಸೊನ್ನೆ ಐದನ್ನು ‘ಇರಲಿ ಬಿಡಿ’ ಎಂದು 19 ಬರೆಯುವವರಿಗೆ ಹನಿಗೂಡಿದರೆ ಹಳ್ಳ ಎಂಬ ಗಾದೆ ನೆನಪಿಸಬೇಕು: ಹದಿನೈದು ಕೀಲಿಗಳ ಸಾಲು ಮುಗಿಯುವ ಹೊತ್ತಿಗೆ 0.7 ಮಿಲಿಮೀಟರ್ ಜಾರಿರುತ್ತದೆ, ಕೊನೆಯ ಸ್ವಿಚ್ಚುಗಳ ಕಾಲು ಬೋರ್ಡಿನ ತೂತು ತಪ್ಪಿ ಮಡಚಿಕೊಳ್ಳುತ್ತವೆ.

ಪ್ಲೇಟು ಕತ್ತರಿಸುವ ಲೇಸರ್ ಕೂಡ ಗೆರೆಯ ಅಗಲದಷ್ಟು ಲೋಹವನ್ನು ತಿಂದುಬಿಡುತ್ತದೆ, 0.1ರಿಂದ 0.2ರವರೆಗೆ. ಅದಕ್ಕಾಗಿ ನೀವು ತೂತನ್ನು ಅಷ್ಟು ಚಿಕ್ಕದಾಗಿ ಬರೆದಿರುತ್ತೀರಿ. ಕತ್ತರಿಸುವವರೂ ಒಳ್ಳೆಯವರು, ತಮ್ಮ ಲೆಕ್ಕದಲ್ಲಿ ಇನ್ನೊಮ್ಮೆ ಸರಿಪಡಿಸುತ್ತಾರೆ. ಎರಡು ಕಡೆಯಿಂದಲೂ ಉಪಕಾರವಾಗಿ ಸ್ವಿಚ್ಚು ಒಳಗೇ ಇಳಿಯುವುದಿಲ್ಲ. ಯಾರು ಸರಿಪಡಿಸುತ್ತೀರೆಂದು ಮೊದಲೇ ಕೇಳಿಬಿಡಿ. ಅಳತೆ ಮಿಲಿಮೀಟರಿನಲ್ಲಿದೆ ಎಂದೂ ಬರೆದು ಕಳಿಸಿ. ಡಿಎಕ್ಸ್‌ಎಫ್ ಎಂಬ ನಕ್ಷೆಯ ಕಡತ ಆ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ. ಇಂಚೆಂದು ಓದಿಕೊಂಡರೆ ಪ್ಲೇಟು 25.4 ಪಟ್ಟು ಬೆಳೆದು ಬಾಗಿಲಾಗುತ್ತದೆ.

ಸ್ಪೇಸ್‌ಬಾರು ವಾಲದಂತೆ ಹಿಡಿಯುವ ಸ್ಟೆಬಿಲೈಜರಿನ ತೂತುಗಳನ್ನೂ ನೋಡಿಕೊಳ್ಳಿ. 6.25 ಯೂನಿಟ್ಟಿನದಕ್ಕೆ (ಯೂನಿಟ್ ಎಂದರೆ ಆ 19.05) ಎರಡು ಕಾಲುಗಳ ನಡುವೆ 100 ಮಿಲಿಮೀಟರ್, 7 ಯೂನಿಟ್ಟಿನದಕ್ಕೆ 114.3.

ಇದಕ್ಕೆಲ್ಲ ಹಿರಿಯರು ಹೇಳುವ ಮದ್ದು, ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ ನೋಡುವುದು. ಅಲ್ಲಿ ಪ್ರಿಂಟರ್ ಕಾದು ಕೂತಿದೆ. ಹದಿನೈದು ಯೂನಿಟ್ ಅಗಲದ ಕೀಬೋರ್ಡು 285.75, ಎ4 ಹಾಳೆಯ ಉದ್ದ 297. ಅಂಚಿನ ಜಾಗ ಸಾಲದೇನೋ ಎಂಬ ಕಾಳಜಿಯಿಂದ, ನಮ್ಮನ್ನೊಂದು ಮಾತೂ ಕೇಳದೆ, ಅದು ಚಿತ್ರವನ್ನು ನೂರಕ್ಕೆ ಮೂರರಷ್ಟು ಕುಗ್ಗಿಸಿ ಹಾಳೆಗೆ ಹೊಂದಿಸಿಬಿಡುತ್ತದೆ. ಆ ಕಾಗದದ ಮೇಲೆ ಬೋರ್ಡಿಟ್ಟು, ಹೊಂದದ್ದನ್ನು ಕಂಡು ಗಾಬರಿಯಾಗಿ, ಸರಿಯಿದ್ದ ನಕ್ಷೆಯನ್ನು ತಿದ್ದಿ ಕೆಡಿಸಿದವರಿದ್ದಾರೆ. ಮೊದಲು ಸ್ಕೇಲಿಟ್ಟು ಅಳೆಯಿರಿ: ಹತ್ತು ಕೀಲಿಗಳಿಗೆ 190.5 ಬರಬೇಕು. 185ರ ಹತ್ತಿರ ಬಂದರೆ ಅದು ಪ್ರಿಂಟರಿನ ಸೌಜನ್ಯ. ಹಿಂಗೋಡೆಯದ್ದನ್ನೂ ಗೋಡೆಯಷ್ಟೇ ದಪ್ಪದ ರಟ್ಟಿನಲ್ಲಿ ಕತ್ತರಿಸಿ, ಮನೆಯಲ್ಲಿರುವ ಅಷ್ಟೂ ಕೇಬಲ್ಲುಗಳನ್ನು ತೂರಿಸಿ ನೋಡಿ.

ಇಷ್ಟೆಲ್ಲ ಮಾಡಿ ಸರಿಯಾಗಿ ಬಂದ ಪ್ಲೇಟನ್ನು ಯಾರೂ ನೋಡುವುದಿಲ್ಲ ಎಂಬುದೇ ಒಂದು ಬೇಸರ. ಉಜ್ಜಿ ಹೊಳಪಿಸಿದ ಹಿತ್ತಾಳೆ. ಕೀಕ್ಯಾಪ್ ಹಾಕಿದ ಗಳಿಗೆಯಿಂದ ಕತ್ತಲಲ್ಲಿ. ಕಣ್ಣಿಗೆ ಬೀಳುವುದೇನಿದ್ದರೂ ಡ್ರಾಯರಿನಲ್ಲಿ ಬಿದ್ದಿರುವ, ತಪ್ಪಿಹೋದ ಪ್ಲೇಟುಗಳು.

ಅಂದಹಾಗೆ, ಹೊಟ್ಟೆ ಹೆರೆದ ಆ ಒಂದೇ ಒಂದು ಕೇಬಲ್ಲನ್ನು ಮನೆಯಲ್ಲಿ ಯಾರೋ ಫೋನ್ ಚಾರ್ಜಿಗೆ ಒಯ್ದಿರುತ್ತಾರೆ. ‘ಅಲ್ಲೇ ಬೇರೆ ನಾಲ್ಕು ಬಿದ್ದಿವೆಯಲ್ಲ, ಅದರಲ್ಲೊಂದು ಹಾಕಿಕೋ’ ಎಂಬ ಉತ್ತರವೂ ಸಿದ್ಧವಿರುತ್ತದೆ.