ಮಹಿಳಾ ವಿಜ್ಞಾನಿಗೆ ಐದು ನಿಮಿಷ

ಫೆಬ್ರುವರಿ 11 ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಸಭಾಭವನಗಳಿಗೆ ಮಹಿಳಾ ವಿಜ್ಞಾನಿಗಳ ನೆನಪಾಗುತ್ತದೆ. ವಿಜ್ಞಾನದಲ್ಲಿ ತೊಡಗಿರುವ ಮಹಿಳೆಯರಿಗೂ ಬಾಲಕಿಯರಿಗೂ ಈ ದಿನ ಮೀಸಲೆಂದು ವಿಶ್ವಸಂಸ್ಥೆ 2015ರಲ್ಲಿ ಘೋಷಿಸಿತೇ ಹೊರತು, ವೇದಿಕೆಯ ಕುರ್ಚಿಗಳು ಯಾರಿಗೆ ಮೀಸಲೆಂದು ಹೇಳಲಿಲ್ಲ. ಆ ಕೊರತೆಯನ್ನು ನಮ್ಮ ಸಂಘಟಕರು ತುಂಬಿಕೊಟ್ಟಿದ್ದಾರೆ.

ಆಮಂತ್ರಣ ಪತ್ರಿಕೆಯನ್ನೇ ನೋಡಬೇಕು. ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ ಎಂಬ ತಲೆಬರಹಗಳ ಕೆಳಗೆ ದಪ್ಪಕ್ಷರದಲ್ಲಿ ಗಂಡಸರು. ಪ್ರಾರ್ಥನೆ, ಸ್ವಾಗತಗೀತೆ, ನಿರೂಪಣೆ, ವಂದನಾರ್ಪಣೆಗಳ ಎದುರು ಸಣ್ಣಕ್ಷರದಲ್ಲಿ ಹೆಣ್ಣುಮಕ್ಕಳು. ಸನ್ಮಾನಿತರ ಹೆಸರಿನ ಹಿಂದಿನ ‘ಡಾ.’ ಜಾಗ ಸಾಲದೆ ಬಿದ್ದುಹೋಗಿ, ಅಲ್ಲಿ ‘ಶ್ರೀಮತಿ’ ಬಂದು ಕೂತಿರುತ್ತದೆ. ಎರಡರಲ್ಲಿ ಹೆಚ್ಚು ಜಾಗ ಬೇಡುವುದು ಯಾವುದೆಂದು ಮುದ್ರಣಾಲಯದವರನ್ನು ಕೇಳಬಾರದು.

ಎಂ.ಎಸ್ಸಿ. ವಿದ್ಯಾರ್ಥಿನಿಯರ ಪ್ರಾಯೋಗಿಕ ತರಗತಿಯನ್ನು ಅಂದು ರದ್ದುಪಡಿಸಲಾಗುತ್ತದೆ. ಬಾಲಕಿಯರನ್ನು ವಿಜ್ಞಾನದತ್ತ ಸೆಳೆಯುವ ಈ ಮಹತ್ಕಾರ್ಯಕ್ಕೆ ಇಳಕಲ್ ಸೀರೆಯುಟ್ಟು ಪೂರ್ಣಕುಂಭ ಹಿಡಿದು ಬಿಸಿಲಲ್ಲಿ ನಿಲ್ಲುವವರು ಬೇಕಲ್ಲ! ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಮುಖ್ಯ ಅತಿಥಿಗಳ ಕೊರಳಿಗೆ ಬೀಳುತ್ತದೆ. ವಿಜ್ಞಾನಿಗೆ ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ‘ಮನೆ, ಲ್ಯಾಬು ಎರಡನ್ನೂ ಹೆಂಗ ಸಂಭಾಳಸ್ತೀರಿ ಮೇಡಂ?’ ಎಂಬ ಪ್ರಶ್ನೆ. ವೇದಿಕೆಯ ಮೇಲಿನ ಮಹನೀಯರಿಗೆ ಅಂದಿನ ನಾಷ್ಟಾ ಮಾಡಿಕೊಟ್ಟವರು ಯಾರೆಂದು ಇದುವರೆಗೆ ಯಾವ ನಿರೂಪಕರೂ ಕೇಳಿದಂತಿಲ್ಲ.

ಭಾಷಣಗಳಿಗೆ ಸರಕಿನ ಕೊರತೆಯಿಲ್ಲ. 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಳ್ ಅವರ ಹೆಸರೆತ್ತುವ ಅಧ್ಯಕ್ಷರು, ಆ ಹುದ್ದೆಗಳಲ್ಲಿ ಮಾಡಬೇಕಾದ ಕೆಲಸವೇನೆಂಬುದನ್ನು ಬಿಟ್ಟು, ಸೀರೆಯುಟ್ಟೇ ಚಂದ್ರನನ್ನು ಮುಟ್ಟಿದರೆಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಆಮೇಲೆ ಇದೇ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಬರುತ್ತಾರೆ. ಮಹಿಳೆಯರು ಅರ್ಜಿ ಹಾಕುವುದು ಬೇಡವೆಂದ, ಟಾಟಾ ಸಮೂಹದ ವಾಹನ ಕಂಪನಿ ಟೆಲ್ಕೊದ ಜಾಹೀರಾತನ್ನು ಪ್ರಶ್ನಿಸಿ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆಕಾರ್ಡು ಬರೆದ ಪ್ರಸಂಗ, ತಾವು ಓದುವಾಗ ಕಾಲೇಜಿನಲ್ಲಿ ಮಹಿಳೆಯರಿಗೆ ಶೌಚಾಲಯವೇ ಇರಲಿಲ್ಲವೆಂದು ಅವರೇ ಹೇಳಿಕೊಂಡದ್ದು, ಎಲ್ಲವೂ ಕಳೆದ ಯುಗದ ಕತೆಯೆಂಬಂತೆ ವರ್ಣನೆಗೊಳ್ಳುತ್ತವೆ. ಅದೇ ಹೊತ್ತಿನಲ್ಲಿ ಸಭಾಭವನದ ಹಿಂಬದಿಯಲ್ಲಿ ನಾಲ್ವರು ಪ್ರಾಧ್ಯಾಪಕಿಯರು ಮಹಿಳಾ ಶೌಚಾಲಯದ ಕೀಲಿ ಇಟ್ಟುಕೊಂಡ ಸಿಪಾಯಿಯನ್ನು ಹುಡುಕುತ್ತಿರುತ್ತಾರೆ. ಆತ ಊಟದ ಪಂಕ್ತಿಯಲ್ಲಿರುತ್ತಾನೆ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಆದರೆ ಅದಕ್ಕೆ ಕೋಣೆ ಬೇಕು, ಆಯಾ ಬೇಕು, ವರ್ಷವಿಡೀ ಖರ್ಚು ಬೇಕು; ಶಾಲಿಗೆ ಇವೊಂದೂ ಬೇಡ, ಮೇಲಾಗಿ ಮರುದಿನದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ.

ಕೊನೆಗೆ ಸನ್ಮಾನಿತರಿಗೆ ಮೈಕು ಸಿಗುತ್ತದೆ, ಐದು ನಿಮಿಷಕ್ಕೆ. ಸಂಶೋಧನಾ ಸಹಾಯಕಿಯರಿಗೆ ತಿಂಗಳುಗಟ್ಟಲೆ ಬಾರದ ಶಿಷ್ಯವೇತನದ ವಿಷಯವನ್ನು ಅವರು ತೆಗೆಯುವಷ್ಟರಲ್ಲಿ ಮುಖ್ಯ ಅತಿಥಿಗಳು ಕೈಮುಗಿದು ಏಳುತ್ತಾರೆ. ಗದಗಿನಲ್ಲಿ ಇನ್ನೊಬ್ಬ ಮಹಿಳಾ ವಿಜ್ಞಾನಿಗೆ ಅವರು ಶಾಲು ಹೊದಿಸಬೇಕಾಗಿದೆ.